ಗಡಿಯಾರ ಗೋಪುರದಿಂದ ಸಮುದ್ರ

"ಯಜಮಾನ್ರೇ, ಈ ಬಾಗಿಲ ಮುಂದೆ ಇದು ನಿಮ್ಮ ಎರಡನೇ ರೌಂಡು. ಏನಾದ್ರೂ ಕಳ್ಕೊಂಡಿದ್ದೀರಾ?"

ಬ್ಯಾಂಕಿನ ಕಾವಲುಗಾರ ಕುರ್ಚಿ ಬಿಟ್ಟು ಏಳದೆಯೇ ಕೇಳಿದ. ಬೇಸಿಗೆಯ ನಡುಮಧ್ಯಾಹ್ನ ಕಳೆದು ನಾಲ್ಕು ಗಂಟೆಯಾಗುತ್ತ ಬಂದರೂ ಬಿಸಿಲಿಗೆ ಒಂಚೂರೂ ದಣಿವಿರಲಿಲ್ಲ. ಬ್ಯಾಂಕಿನ ಗೋಡೆಯ ಬುಡದಲ್ಲಿ ಒಂದು ಚಾಪೆಯಗಲ ನೆರಳಿತ್ತು. ಗಂಡ ಹೆಂಡತಿ ಇಬ್ಬರೂ ಅದರೊಳಕ್ಕೆ ನುಗ್ಗಿದರು.

"ಕಳ್ಕೊಳ್ಳೋದೇನು ಬಂತು? ಈ ಊರು ನನಗೆ ಅಂಗೈ ಇದ್ದಹಾಗೆ," ಎಂದ ಗಂಡ. "ಇಪ್ಪತ್ತೆರಡು ವರ್ಷ ಇದೇ ರಸ್ತೇಲಿ ಬಸ್ಸು ಓಡಿಸಿದ್ದೀನಿ. ಗಡಿಯಾರ ಗೋಪುರಕ್ಕೆ ಹೊರಟಿದ್ದೀವಿ, ಅಷ್ಟೇ."

"ಗೋಪುರ ಇಲ್ಲೇ ಅಲ್ವಾ!" ಕಾವಲುಗಾರ ಎದುರಿನ ಗಲ್ಲಿಯತ್ತ ಗದ್ದ ಎತ್ತಿದ. "ಹೀಗೆ ಹೋದ್ರೆ ಏಳು ನಿಮಿಷ."

"ಅದು ನೋ ಎಂಟ್ರಿ."

ಕತ್ತು ಒರೆಸಿಕೊಳ್ಳುತ್ತಿದ್ದ ಹೆಂಡತಿಯ ಕೈ ಹಾಗೇ ನಿಂತಿತು.

"ನೋ ಎಂಟ್ರಿ ಬಸ್ಸಿಗೆ ಕಣ್ರೀ! ನಮಗೇನು ಚಕ್ರ ಇದೆಯಾ?"

ಕಾವಲುಗಾರ ನಗು ತಡೆಯಲು ಟೋಪಿ ತೆಗೆದು ಅದರೊಳಗೆ ಇಣುಕಿದ.

ನಿಜ ಹೇಳಬೇಕೆಂದರೆ ಡ್ರೈವರಿಗೆ ಅದು ಹೊಳೆದೇ ಇರಲಿಲ್ಲ. ಬೆಳಿಗ್ಗೆ ಲಾಡ್ಜಿನ ರೂಮಿಗೆ ಬೀಗ ಹಾಕಿ ಹೊರಟಾಗಿನಿಂದ, ಬಸ್ಸು ತಿರುಗುವ ಕಡೆಗೇ ಅವನ ಕಾಲೂ ತಿರುಗಿತ್ತು. ಅಂಚೆ ಕಚೇರಿಯ ಹತ್ತಿರ ಬಲಕ್ಕೆ ತಿರುಗುವಂತಿಲ್ಲ ಎಂದು ಎಡಕ್ಕೆ ತಿರುಗಿ ಅರ್ಧ ಮೈಲಿ ನಡೆಸಿದ್ದ. ಕಾರಂಜಿಯನ್ನು ಪೂರ್ತಿ ಒಂದು ಸುತ್ತು ಬಳಸಿದ್ದ. ಬಸ್ಸು ಹಾಯುತ್ತಿದ್ದ ಕಡೆಯಿಂದಲೇ ಹೋಗಿ, ವಸ್ತುಸಂಗ್ರಹಾಲಯದ ಹಿಂದಿನ ಗೋಡೆಯ ಮುಂದೆ ಅವಳನ್ನು ನಿಲ್ಲಿಸಿ, "ನೋಡು, ಎಷ್ಟು ಭವ್ಯವಾಗಿದೆ!" ಎಂದಿದ್ದ. ಅಲ್ಲಿದ್ದದ್ದು ನೀರಿನ ಪೈಪು ಮತ್ತು ಕಸದ ಡಬ್ಬ. ಹೆಂಡತಿ ಪಾಪ, ಹಿರಿಯರು ಕಟ್ಟಿಸಿದ್ದು, ಹೀಗೇ ಇರಬೇಕು ಎಂದುಕೊಂಡು ಒಂದು ಫೋಟೋ ಕೂಡ ತೆಗೆದುಕೊಂಡಿದ್ದಳು.

ಆದರೆ ಗೋಪುರದ ವಿಷಯ ಬೇರೆ. ಅವಳು ಈ ಪ್ರವಾಸ ಹೊರಟಿದ್ದೇ ಅದಕ್ಕಾಗಿ.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಡ್ಯೂಟಿ ಮುಗಿಸಿ ಬಂದ ಡ್ರೈವರ್ ಊಟಕ್ಕೆ ಕೂತವನು, "ಇವತ್ತು ಗೋಪುರ ಹತ್ತಿದ್ದೆ ಕಣೆ. ಮೇಲಿಂದ ಸಮುದ್ರ ಕಾಣುತ್ತೆ, ಹಡಗೂ ಕಾಣುತ್ತೆ," ಎಂದುಬಿಟ್ಟಿದ್ದ. ನಿಜಕ್ಕೂ ಅವನು ಹತ್ತಿರಲಿಲ್ಲ. ಅಲ್ಲಿ ಬಸ್ಸು ನಿಲ್ಲುತ್ತಿದ್ದದ್ದು ಎರಡೇ ನಿಮಿಷ. ಯಾರೋ ಪ್ರಯಾಣಿಕ ಹಿಂದಿನ ಸೀಟಿನವನಿಗೆ ಹೇಳಿದ್ದು ಕಿವಿಗೆ ಬಿದ್ದಿತ್ತು, ಅಷ್ಟೇ. ಹೆಂಡತಿ ಅದನ್ನು ತನ್ನ ಅಕ್ಕನಿಗೆ ಹೇಳಿದಳು. ಅಕ್ಕ, "ಅಲ್ಲಿಂದ ಎಲ್ಲಿಯ ಸಮುದ್ರವೇ? ನಿನ್ನ ಗಂಡ ನಿನ್ನ ಕಿವಿಗೆ ಹೂವಿಟ್ಟಿದ್ದಾನೆ," ಎಂದಳು. ಅಂದು ಶುರುವಾದ ಮಾತು ಬೆಳೆದೂ ಬೆಳೆದೂ, ಕಳೆದ ಚಳಿಗಾಲದಲ್ಲಿ ಇಬ್ಬರ ನಡುವೆ ಫೋನೇ ನಿಂತುಹೋಗಿತ್ತು. "ನನ್ನ ಗಂಡ ಬೇರೆ ಏನಾದರೂ ಆಗಿರಬಹುದು, ಸುಳ್ಳುಗಾರ ಅಲ್ಲ," ಎನ್ನುವುದು ಅವಳ ಕೊನೆಯ ಮಾತು. ಈಗ ಸಮುದ್ರದ ಫೋಟೋ ತೆಗೆದು ಅಕ್ಕನಿಗೆ ಕಳಿಸಬೇಕು. ಅದಕ್ಕಾಗಿಯೇ ಪರದೆ ಹೊಲಿಯುವ ಎರಡು ಆರ್ಡರುಗಳನ್ನು ಮುಂದಕ್ಕೆ ಹಾಕಿ ಬಂದಿದ್ದಳು.

"ಐದಕ್ಕೆ ಟಿಕೆಟ್ ಕಿಟಕಿ ಮುಚ್ತಾರಮ್ಮ," ಎಂದ ಕಾವಲುಗಾರ. "ಹೊರಡೋದಾದ್ರೆ ಈಗಲೇ ಹೊರಡಿ."

"ಏನಾದ್ರೂ ತಣ್ಣಗೆ ಕುಡಿದು ಹೋಗೋಣ," ಎಂದ ಡ್ರೈವರ್. ಮೊದಲ ಸುತ್ತು ಅಭ್ಯಾಸಬಲದಿಂದ ಬಂದದ್ದು ನಿಜ. ಎರಡನೆಯದರಲ್ಲಿ ಮಾತ್ರ, ಹೀಗೇ ಐದಾಗಿಬಿಟ್ಟರೆ ಒಳ್ಳೆಯದಿತ್ತು ಎಂಬ ಆಸೆಯೂ ಜೊತೆಗೇ ನಡೆದುಬಂದಿತ್ತು. "ನಿನ್ನ ಮುಖ ನೋಡು, ಕೆಂಪಗೆ ಸುಟ್ಟ ಇಟ್ಟಿಗೆ ಆಗಿದೆ."

"ಇಟ್ಟಿಗೆ ಮಾಡಿದ್ದು ಯಾರು? ನಡೀರಿ."

ಅವಳು ಮುಂದೆ, ಅವನು ಹಿಂದೆ. ಗಲ್ಲಿಯಲ್ಲಿ ಕೊಡೆ ರಿಪೇರಿಯವನನ್ನು ಕೇಳಿದಳು, ಬೀಗದ ಕೈ ಮಾಡುವವನನ್ನು ಕೇಳಿದಳು, ಎರಡನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯನ್ನೂ ಬಿಡಲಿಲ್ಲ. "ನೇರ ಹೋಗು ಮಗಳೇ, ನೇರ!" ಎಂದು ಅಜ್ಜಿ ಒದ್ದೆ ಅಂಗಿಯಿಂದಲೇ ದಾರಿ ತೋರಿಸಿದಳು, ಅದರ ನಾಲ್ಕು ಹನಿ ಡ್ರೈವರನ ತಲೆಯ ಮೇಲೆ ಬಿದ್ದವು. ಆರೇ ನಿಮಿಷಕ್ಕೆ ಗಲ್ಲಿ ಮುಗಿದು ಗೋಪುರ ಎದುರು ನಿಂತಿತು. ಕಿಟಕಿಯ ಮುಂದೆ ಉದ್ದ ಸಾಲು. ಟಿಕೆಟ್ ಕೈಗೆ ಬರುವಾಗ ನಾಲ್ಕೂವರೆ. ಮತ್ತೆ ಲಿಫ್ಟಿಗೆ ಇನ್ನೊಂದು ಸಾಲು.

ಹೆಂಡತಿ ಫೋನಿನ ಗಾಜನ್ನು ಕರವಸ್ತ್ರದಿಂದ ಉಜ್ಜಿ ಉಜ್ಜಿ ಒರೆಸುತ್ತಿದ್ದಳು. ಅದನ್ನು ನೋಡುತ್ತ ನೋಡುತ್ತ ಡ್ರೈವರಿಗೆ ಇನ್ನು ತಡೆಯಲಾಗಲಿಲ್ಲ.

"ಏ, ಇಲ್ಲಿ ಕೇಳು. ನಾನು ಇದನ್ನ ಹತ್ತಿಲ್ಲ."

"ಈಗ ಹತ್ತೋಣ ಇರಿ, ಸಾಲು ಸರೀತಿದೆ."

"ಈಗಿನ ಮಾತಲ್ಲ ಕಣೆ. ಯಾವತ್ತೂ ಹತ್ತಿಲ್ಲ. ಆ ಸಮುದ್ರ, ಹಡಗು, ಎಲ್ಲಾ ಯಾರೋ ಹೇಳಿದ್ದು."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೇ ಜಾಗವನ್ನು ಇನ್ನೂ ಐದಾರು ಸಲ ಒರೆಸಿದಳು.

"ಹಡಗಿಗೆ ಬಿಳಿ ಬಣ್ಣ ಅಂದಿದ್ರಿ."

"ಅದು ನಾನೇ ಸೇರಿಸಿದ್ದು."

"ನಮ್ಮಕ್ಕನ ಜೊತೆ ಜಗಳ ಆಡ್ಕೊಂಡು ಕೂತಿದ್ದೀನಲ್ರೀ ನಾನು! ಮೊನ್ನೆ ಅವಳಿಗೆ ಜ್ವರ ಬಂದಾಗ್ಲೂ ಫೋನ್ ಮಾಡ್ಲಿಲ್ಲ. ನೀವು ಪಕ್ಕದಲ್ಲೇ ಪೇಪರ್ ಓದ್ತಾ ಇದ್ರಿ. ಆಗ ಬಾಯಿಗೆ ಏನಾಗಿತ್ತು?"

ಮುಂದೆ ನಿಂತಿದ್ದ ದಂಪತಿಗಳು ಕಿವಿ ನೆಟ್ಟಗೆ ಮಾಡಿಕೊಂಡು ಗೋಡೆ ನೋಡುತ್ತಿದ್ದರು.

"ಫೋನ್ ಕೊಡು," ಎಂದ ಡ್ರೈವರ್.

"ಯಾಕೆ?"

"ಕೊಡು ಅಂದ್ನಲ್ಲ."

ಮೂರನೇ ರಿಂಗಿಗೆ ಹೆಂಡತಿಯ ಅಕ್ಕ ಎತ್ತಿದಳು. "ಏನೇ, ನೆನಪಾಯ್ತಾ?" ಎನ್ನುವ ದನಿ ಲಿಫ್ಟಿನ ಸಾಲಿಗೆಲ್ಲ ಕೇಳಿಸುವಷ್ಟಿತ್ತು.

"ನಾನು, ಅತ್ತಿಗೆ. ಗೋಪುರದ ಕೆಳಗಿದ್ದೀವಿ. ಅವತ್ತು ನಾನು ಹತ್ತಿರಲಿಲ್ಲ. ಸುಳ್ಳು ಹೇಳಿದ್ದೆ. ನಿಮ್ಮ ತಂಗಿ ನನ್ನ ಮಾತು ನಂಬಿ ನಿಮ್ಮ ಜೊತೆ ಜಗಳ ಆಡಿದಳು. ಅವಳದ್ದೇನೂ ತಪ್ಪಿಲ್ಲ."

ಆ ಕಡೆ ಮಿಕ್ಸಿ ಓಡುತ್ತಿದ್ದದ್ದು ನಿಂತಿತು.

"ಅಂದ್ರೆ ಸಮುದ್ರ ಕಾಣಲ್ಲ?"

"ಗೊತ್ತಿಲ್ಲ. ಇನ್ನೂ ಮೇಲೆ ಹೋಗಿಲ್ಲ."

"ಅಯ್ಯೋ ಡ್ರೈವರ್ ಸಾಹೇಬ್ರೇ, ಹತ್ತಿ ನೋಡಿ ಆದ್ರೂ ಫೋನ್ ಮಾಡಬಾರದಿತ್ತಾ? ಅವಳ ಕೈಗೆ ಕೊಡಿ."

ಹೆಂಡತಿ ಫೋನು ಕಿತ್ತುಕೊಂಡು ಗೋಡೆಯ ಕಡೆ ತಿರುಗಿದಳು. "ಹ್ಞೂಂ... ಜ್ವರ ಬಿಟ್ಟಿತಾ?... ಹ್ಞೂಂ... ಇಲ್ಲ, ನಾನೇನೂ ಅಳ್ತಾ ಇಲ್ಲ, ಬೆವರು... ಬಿಡೇ, ಮೇಲೆ ಹೋಗಿ ನೋಡಿ ಹೇಳ್ತೀನಿ. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ."

ಲಿಫ್ಟು ಬಂತು. ಹದಿನಾರು ಜನ ಒಳಗೆ ಹೋದರು. ಅವಳು ಹದಿನೈದನೆಯವಳು, ಅವನು ಹದಿನಾರನೆಯವನು. ಅವನು ಕಾಲಿಟ್ಟದ್ದೇ ತಡ, ಭಾರ ಹೆಚ್ಚಾಯಿತೆಂದು ಗಂಟೆ ಪೀಂ ಎಂದು ಕೂಗಿಕೊಂಡಿತು. ಎಲ್ಲರೂ ಅವನನ್ನೇ ನೋಡಿದರು. ಹೆಂಡತಿಯೂ ನೋಡಿದಳು, ಅವನ ಜೊತೆ ಇಳಿಯುವ ಯಾವ ಸೂಚನೆಯೂ ಅವಳ ಮುಖದಲ್ಲಿರಲಿಲ್ಲ. ಅವನು ಹಿಂದಕ್ಕೆ ಹೆಜ್ಜೆಯಿಟ್ಟ. ಬಾಗಿಲು ಮುಚ್ಚಿತು.

"ಕಾಯಿರಿ ಸಾರ್, ಕಾಲು ಗಂಟೆಗೆ ವಾಪಸ್ ಬರುತ್ತೆ," ಎಂದಳು ಟಿಕೆಟ್ ಹರಿಯುವ ಹುಡುಗಿ.

"ಮೆಟ್ಟಿಲು ಇಲ್ವಾ?"

"ಇದೆ. ಮುನ್ನೂರ ಹನ್ನೆರಡು. ಈ ಸೆಕೆಗೆ ಯಾರೂ ಹತ್ತಲ್ಲ."

ಡ್ರೈವರ್ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ. ಪಕ್ಕದ ಸಣ್ಣ ಬಾಗಿಲು ದೂಡಿ, ಮೆಟ್ಟಿಲ ಕಬ್ಬಿಣದ ಕಂಬಿ ಹಿಡಿದು ಹತ್ತತೊಡಗಿದ.