ದಾದ ಕೊಡದ ಕಾಡಪ್ಪ

ಕಾಡಪ್ಪ ಹಾಡು ಕೇಳಲು ಕೂತರೆ ಜಗಳಕ್ಕೆ ಕೂತಂತೆಯೇ. ಮುಂದಿನ ಸಾಲು, ಕಟ್ಟಿದ ಕೈ, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಅದರ ಮೇಲೆ ತಿರುವಿದ ಬಿಳಿ ಮೀಸೆ. ಸುತ್ತಲಿನವರು 'ಕ್ಯಾ ಬಾತ್' ಎಂದು ತೊಡೆ ತಟ್ಟುತ್ತಿದ್ದರೆ ಇವನದು ಕಲ್ಲುಮುಖ. ಪುಣೆ ಹತ್ತಿರದ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ಗಿಯರ್ ಚಕ್ರಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಬಣ್ಣ ಬಳಿದು ಹಿಂದಕ್ಕೆ ಕಳಿಸಿದ ಜೀವ. ಹಾಡಿಗೂ ಅದೇ ಕಾನೂನು. ತೀರ ಮನಸ್ಸಿಗೆ ಬಂದರೆ ಬಲಗೈಯ ಹೆಬ್ಬೆರಳು ಒಮ್ಮೆ ಅಲ್ಲಾಡುತ್ತಿತ್ತು. ಅದನ್ನು ಕಂಡ ಪುಣ್ಯವಂತರು ನಾವು ನಾಲ್ಕೈದು ಜನ ಗೆಳೆಯರು.

ಹೋದ ವರ್ಷ ಅವನ ಅನ್ನನಾಳದಲ್ಲಿ ಕ್ಯಾನ್ಸರಿನ ಗಂಟು ಕಾಣಿಸಿತು. ಯಕೃತ್ತಿಗೂ ಹಬ್ಬಿದ್ದರಿಂದ ಕೊಯ್ದು ತೆಗೆಯುವಂತಿರಲಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿಯನ್ನೂ ಎದೆ ನೀವಿಕೊಂಡು ನುಂಗುತ್ತಿದ್ದ. ಮೊದಲ ಕಿಮೊ ಔಷಧದಿಂದ ತಣ್ಣೀರು ಮುಟ್ಟಿದರೂ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆದರೂ ಐದು ತಿಂಗಳು ರೊಟ್ಟಿ ಸಲೀಸಾಗಿ ಇಳಿಯಿತು. ಆರನೆಯ ತಿಂಗಳು ಮತ್ತೆ ಸಿಕ್ಕಿಕೊಂಡಿತು.

ಸ್ಕ್ಯಾನ್ ನೋಡಿದ ಡಾಕ್ಟರ್ ನೀರಜಾ ಮರಾಠಿಯಲ್ಲಿ ಹೇಳಿದರು: "ಕಾಕಾ, ಗಾಠ ಆತಾ ಔಷಧಾಲಾ ದಾದ ದೇತ ನಾಹೀ." ರೋಗ ಮದ್ದಿಗೆ ಮಣಿಯದಿದ್ದರೂ, ಕೇಳುಗ ಹಾಡಿಗೆ ತಲೆದೂಗದಿದ್ದರೂ ಮರಾಠಿಯಲ್ಲಿ ಒಂದೇ ಮಾತು, ದಾದ ಕೊಡುವುದಿಲ್ಲ ಎಂದು. ಹೆಂಡತಿ ಕಾಶವ್ವ ಸೆರಗು ಬಾಯಿಗೊತ್ತಿದಳು. ಕಾಡಪ್ಪ ನನ್ನ ಕಡೆ ತಿರುಗಿ ಗೊಳ್ಳನೆ ನಕ್ಕುಬಿಟ್ಟ.

"ಕೇಳಿದೇನೋ? ದಾದ ಕೊಡವಲ್ದಂತ! ನನ್ನ ಮೈಯಾಗ ಹುಟ್ಟಿದ್ದು, ನನ್ನಂಗ ಆಗೇದ."

ಔಷಧ ಬದಲಿಸಬಹುದು, ಆದರೆ ಖಾತ್ರಿ ಕೊಡಲಾರೆ, ಕೂದಲೆಲ್ಲ ಉದುರುತ್ತದೆ ಎಂದರು ಡಾಕ್ಟರ್. ಮಗಳು ತ್ರಿವೇಣಿ ಕಣ್ಣೊರೆಸಿಕೊಂಡಳು. "ಸಾಕು ಬಿಡ್ರಿ ಅಪ್ಪಾ. ಮನ್ಯಾಗ ಆರಾಮ ಇರ್ರಿ."

"ನಾ ಆರಾಮ ಕುಂತ್ರ ಅದು ಸುಮ್ಮ ಕುಂದರ್ತದೇನವಾ? ಒಬ್ಬಾಂವ ಹಾಡಿದ್ದು ಹಿಡಸಲಿಲ್ಲಂತ ನಾ ಎಂದಾರ ಬೈಠಕ್ ಬಿಟ್ಟು ಎದ್ದೇನೇನು? ಮುಂದಿನಾಂವ ಬರ್ಲಿ."

ಆಮೇಲೆ ಮೀಸೆಯೂ ಹೋಗುತ್ತದೆಯೇ ಎಂದು ಡಾಕ್ಟರನ್ನು ಮರಾಠಿಯಲ್ಲಿ ಕೇಳಿದ. ಹೌದೆಂದಾಗ ಮೀಸೆಯ ತುದಿಯನ್ನು ಒಮ್ಮೆ ತಿರುವಿಕೊಂಡ. "ಹೋಗ್ಲಿ," ಎಂದ ನನಗೆ, "ಕೋಟ ಅದ ಅಲ್ಲೇನು?"

ವಾರವಾರವೂ ಹೊಸ ಔಷಧ ಹನಿಹನಿಯಾಗಿ ಇಳಿಯುವಾಗ, ಆ ಬಾಟಲಿಯಲ್ಲೂ ತಪ್ಪು ಹುಡುಕುವವನಂತೆ ನೋಡುತ್ತ ಕೂಡುತ್ತಿದ್ದ. ಎರಡು ತಿಂಗಳಾದ ಮೇಲಿನ ಸ್ಕ್ಯಾನಿನಲ್ಲಿ ಗಂಟು ಕರಗಿರಲಿಲ್ಲ, ಬೆಳೆದಿರಲೂ ಇಲ್ಲ. "ಏನಂತದೋ ನಿನ್ನ ಗಂಟು?" ಎಂದೆ. ಬೋಳಾದ ಮೇಲ್ದುಟಿ ಸವರಿಕೊಂಡ.

"ವಾಹ್ ಅಂದಿಲ್ಲ. ಹೆಬ್ಬೆಟ್ಟ ಅಲ್ಲಾಡಿಸೇದ."

ಇಂಥವರ ಜೊತೆ ಏಗುವುದು ಸುಲಭವಲ್ಲ. ಹೆಂಡತಿಯ ಅಡಿಗೆ, ಮಗಳ ಓದು, ಗೆಳೆಯನ ಬರಹ ಒಂದೂ ಇವರ ಕೈಯಲ್ಲಿ ಪಾಸಾಗುವುದಿಲ್ಲ. ಆದರೆ ಸಾವೇ ಬಂದು ಎದುರಿಗೆ ತಂಬೂರಿ ಹಿಡಿದು ಕೂತಾಗ, ಕೋಟಿನ ಗುಂಡಿ ಹಾಕಿಕೊಂಡು, ಕೈ ಕಟ್ಟಿ, 'ಇನ್ನೂ ಸುರ ಹತ್ತಿಲ್ಲ' ಎಂದು ಅದನ್ನು ಕಾಯಿಸಬಲ್ಲವರೂ ಇವರೇ.