ನೆಲದಜ್ಜ ಒಪ್ಪದ ಅಧ್ಯಾಯಗಳು

ಲೂಗಾಂಗ್ ಎಂಬ ಊರಿನಲ್ಲಿ ಊದುಬತ್ತಿ ಹೊಸೆಯುವವರ ಓಣಿ ತಿರುಗುವ ಮೂಲೆಗೆ, ಊರ ನೆಲ ಕಾಯುವ ದೇವರಾದ ನೆಲದಜ್ಜನ ಗುಡಿ. ಗುಡಿಯೆಂದರೆ ಒಳಗೆ ಇಬ್ಬರು ನಿಂತರೆ ಮೂರನೆಯವರ ಬೆನ್ನು ಬೀದಿಗೆ, ಅಷ್ಟೇ. ಅದನ್ನು ಮೂವತ್ತೊಂದು ವರ್ಷದಿಂದ ಗುಡಿಸುತ್ತಿದ್ದವಳು ಸ್ಯೂಲುವಾನ್. ಅಜ್ಜನ ಮುಂದೆ ಬೇಡುವವರು ಮೊದಲು ಹೆಸರು, ಮನೆಯ ನಂಬರು ಬಾಯಿಬಿಟ್ಟು ಹೇಳಬೇಕು; ಇಲ್ಲದಿದ್ದರೆ ವರ ಯಾವ ಮನೆಗೆ ತಲುಪಬೇಕೆಂದು ಅವನಿಗಾದರೂ ಹೇಗೆ ತಿಳಿಯಬೇಕು? ಪೊರಕೆ ಹಿಡಿದವಳಿಗೆ ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ. ಹೀಗೆ ಊರಿನ ಆಸೆಗಳೆಲ್ಲ ಅವಳ ಹೊಟ್ಟೆ ಸೇರಿದ್ದವು.

ಅವನ್ನು ಪುಸ್ತಕ ಮಾಡಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದು ಅರವತ್ತಾರನೆಯ ವಯಸ್ಸಿನಲ್ಲಿ. ಪೂಜೆಗೆ ಬಂದ ತೈಪೆಯ ಸಂಪಾದಕಿಯೊಬ್ಬಳು ಅವಳ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದಳು. "ಅಮ್ಮಾ, ಒಂದು ಪ್ರಸ್ತಾವ ಬರೆದು ಕಳಿಸಿ. ಯಾರು ಓದ್ತಾರೆ, ನೀವೇ ಯಾಕೆ ಬರೀಬೇಕು, ಯಾವ್ಯಾವ ಅಧ್ಯಾಯ ಇರುತ್ತೆ, ಜೊತೆಗೊಂದು ಅಧ್ಯಾಯ ಪೂರ್ತಿ. ಶುಕ್ರವಾರ ನನ್ನ ಮೇಜಿನ ಮೇಲಿರ್ಬೇಕು. ತಡವಾದ್ರೆ ನನ್ನ ಕೈಲಿ ಏನೂ ಇಲ್ಲ."

ಬುಧವಾರ ಮಧ್ಯಾಹ್ನಕ್ಕೆ ಪ್ರಸ್ತಾವ ಸಿದ್ಧವಾಯಿತು. ಅಂಚೆ ಕಚೇರಿ ಬಾಗಿಲು ಹಾಕುವುದು ಐದಕ್ಕೆ. ಉಳಿದದ್ದು ಅಜ್ಜನ ಒಪ್ಪಿಗೆಯೊಂದೇ. ಅದನ್ನು ಕೇಳುವುದು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟು. ಒಂದು ಉಬ್ಬಿದ ಬೆನ್ನು ಮೇಲಾಗಿ, ಒಂದು ಚಪ್ಪಟೆ ಹೊಟ್ಟೆ ಮೇಲಾಗಿ ಬಿದ್ದರೆ ಹೂಂ. ಎರಡೂ ಬೆನ್ನಾದರೆ ಊಹೂಂ. ಎರಡೂ ಹೊಟ್ಟೆಯಾದರೆ ಅಜ್ಜ ನಗುತ್ತಿದ್ದಾನೆ. ದೊಡ್ಡ ಕೆಲಸಕ್ಕೆ ಸಾಲಾಗಿ ಮೂರು ಹೂಂ ಬೇಕು.

"ಬತ್ತಿ ಓಣಿ ಹದಿನೇಳನೇ ನಂಬರಿನ ಸ್ಯೂಲುವಾನ್ ಕೇಳ್ತಿದೀನಿ ಅಜ್ಜಾ. ಕಳಿಸ್ಲಾ?"

ಊಹೂಂ.

ಕೇಳಿದ ರೀತಿ ಸರಿಯಿಲ್ಲವೇನೋ ಎಂದು ತಿರುಗಿಸಿ ಕೇಳಿದಳು. "ಕಳಿಸಿದ್ರೆ ಏನಾದ್ರೂ ತಪ್ಪಿದೆಯಾ?"

ಹೂಂ.

ಕಡಲೆಬೀಜದ ಪುಡಿಯಲ್ಲಿ ಹೊರಳಿಸಿದ ಅಂಟುಅಕ್ಕಿಯ ಉಂಡೆ ತಂದು ಅಜ್ಜನ ಗಡ್ಡಕ್ಕೆ ಸ್ವಲ್ಪ ಮೆತ್ತಿದಳು, ಬಾಯಿ ಸಿಹಿಯಾದರೆ ಮಾತೂ ಸಿಹಿಯಾದೀತೆಂದು. ಮತ್ತೆ ಬಿಟ್ಟಳು. ಅಜ್ಜ ನಕ್ಕ.

ಎದುರಿನ ಅಂಗಡಿಯಿಂದ ಕ್ಷೌರಿಕ ಬುನ್‌ಹಿಯೋಂಗ್ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ.

"ಲುವಾನಕ್ಕಾ, ಪೊಲೀಸ್ನೋರು ಕಳ್ಳನ್ನ ಕೇಳ್ದಂಗೆ ಎಷ್ಟು ಸಲ ಕೇಳ್ತೀಯಾ ದೇವರ್ನ? ಕೊಡು ಇಲ್ಲಿ, ಅಂಥಾದ್ದೇನು ಬರೆದಿದೀಯ ನೋಡೋಣ."

ಅವನು ಗಟ್ಟಿಯಾಗಿ ಓದತೊಡಗಿದ. "ಅಧ್ಯಾಯ ಒಂದು: ಸೊಸೆಯ ಗಂಟಲು ಕಟ್ಟಲಿ ಎಂದು ಮೀನು ಮಾರುವವಳು ಬೇಡಿದ್ದು. ಹ್ಹಹ್ಹ! ಎರಡು: ಲಾಟರಿ ನಂಬರು ಹೇಳೆಂದು ಮೇಷ್ಟ್ರು ಗೋಗರೆದದ್ದು. ಇದೂ ನಿಜಾನಾ? ಮೂರು: ಬೋಳುತಲೆಯ ಕ್ಷೌರಿಕ ಕೂದಲು ಬೇಡಿ ಎರಡು ಕೋಳಿ ಹರಕೆ..."

ಓದು ನಿಂತಿತು.

"ಹೆಸರು ಹಾಕಿಲ್ವಲ್ಲೋ" ಎಂದಳು ಸ್ಯೂಲುವಾನ್.

"ಈ ಊರಲ್ಲಿ ಇನ್ನೊಬ್ಬ ಬೋಳು ಕ್ಷೌರಿಕನ್ನ ತೋರ್ಸು."

"ನೀನು ಹೊತ್ತಿದ್ದು ಒಂದು ಕೋಳಿ. ನಿನ್ನ ಮರ್ಯಾದೆಗೆ ಎರಡು ಅಂತ ಬರೆದಿದೀನಿ."

ಅವನು ನಗಲಿಲ್ಲ. "ನಾನು ಹೇಳ್ಕೊಂಡಿದ್ದು ಅಜ್ಜನ ಹತ್ರ, ಅಕ್ಕಾ" ಎಂದವನೇ ಕಾಗದ ಕೊಟ್ಟು ಅಂಗಡಿಗೆ ಹೋದ.

ಸ್ಯೂಲುವಾನ್ ಮೆಟ್ಟಿಲ ಮೇಲೆ ಕುಳಿತಳು. ಇಷ್ಟು ವರ್ಷದಲ್ಲಿ ಅಜ್ಜ ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದವನಲ್ಲ. ಮೀನಿನವಳೂ ಅವಳ ಸೊಸೆಯೂ ಒಂದೇ ದಿನ ಬಂದಾಗಲೂ ಇಬ್ಬರಿಗೂ ಅದೇ ಮುಖ ತೋರಿಸಿದ್ದ. ಅಂಥವನ ಅಂಗಳ ಗುಡಿಸುತ್ತ ತಾನು ಅದನ್ನಾದರೂ ಕಲಿಯಬೇಡವೇ? ನಾಚಿಕೆಯಾಯಿತು. ಹಾಗೆಂದು ಪುಸ್ತಕದ ಆಸೆ ಬಿಡಲೂ ಮನಸ್ಸಾಗಲಿಲ್ಲ. ಗಡಿಯಾರದಲ್ಲಿ ಎರಡೂಕಾಲು. ಯಾರ ಬೇಡಿಕೆಯನ್ನು ಯಾರ ಅಪ್ಪಣೆಯೂ ಬೇಡದೆ ಹೇಳಬಹುದು?

ಅಂಥವಳು ಒಬ್ಬಳಿದ್ದಳು.

ಅವಳು ಆ ಕಾಗದ ಪಕ್ಕಕ್ಕಿಟ್ಟು ಹೊಸ ಹಾಳೆಯಲ್ಲಿ ಬರೆಯತೊಡಗಿದಳು. ಒಂದು: ಹಬ್ಬ ಮುಗಿಯುವವರೆಗೆ ಅತ್ತೆಯ ಕಾಲುನೋವು ವಾಸಿಯಾಗದಿರಲೆಂದು ನಾನು ಬೇಡಿದ್ದು. ಎರಡು: ಪಕ್ಕದ ಮನೆಯವಳ ಹೊಸ ಪರದೆಯ ಬಣ್ಣ ಹೋಗಲೆಂದು ಬೇಡಿದ್ದು. ಹೀಗೇ ಹನ್ನೆರಡಾದವು. ಪೂರ್ತಿ ಅಧ್ಯಾಯಕ್ಕೆ ಮೌತ್ ಆರ್ಗನ್ನಿನ ಕತೆ ಆರಿಸಿದಳು. ಗಂಡ ಬೆಳಗ್ಗೆ ಎದ್ದ ಕೂಡಲೇ ಅದನ್ನೂದಿ ತಲೆ ಕೆಡಿಸುತ್ತಿದ್ದ; ಕಳೆದುಹೋಗಲಿ ಎಂದು ಬೇಡಿದಳು, ಕಳೆದುಹೋಯಿತು. ಅವನು ತೀರಿಕೊಂಡ ಮೇಲೆ, ಅದನ್ನು ಮರಳಿ ಕೊಡು ಎಂದು ಆರು ಸಲ ಕೇಳಿದಳು. ಆರು ಸಲವೂ ಊಹೂಂ. ಅದನ್ನು ಬರೆಯುವಾಗ ಕೈ ಎಲ್ಲೂ ತಡೆಯಲಿಲ್ಲ. 'ನೀವೇ ಯಾಕೆ ಬರೆಯಬೇಕು' ಎಂಬಲ್ಲಿಗೆ ಬಂದಾಗ, 'ಇವೆಲ್ಲ ನನಗೂ ಅಜ್ಜನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅಜ್ಜ ಬರೆಯುವುದಿಲ್ಲ' ಎಂದು ತುಂಬಿದಳು.

ನಾಲ್ಕೂ ನಲವತ್ತಕ್ಕೆ ಎದ್ದು ತುಂಡುಗಳನ್ನು ಬಿಟ್ಟಳು. ಹೂಂ. ಹೂಂ. ಮೂರನೆಯ ಸಲ ಒಂದು ತುಂಡು ಉರುಳುತ್ತ ಹೋಗಿ ಯಾರದೋ ಚಪ್ಪಲಿಗೆ ತಾಗಿ ನಿಂತಿತು: ಹೂಂ. ಚಪ್ಪಲಿ ಬುನ್‌ಹಿಯೋಂಗನದು. ಅವನು ಯಾವಾಗ ಬಂದಿದ್ದನೋ, ಬಗ್ಗಿ ಪಟ್ಟಿ ಓದುತ್ತಿದ್ದ.

"ಅತ್ತೆ ಕಾಲುನೋವು ಬೇಡ್ಕೊಂಡೋಳು ನೀನಾ? ಪಾಪಿ! ನಾನು ಬರೀ ಕೂದ್ಲು ಕೇಳ್ದೆ."

"ಬೈಯೋದು ಆಮೇಲೆ. ಸ್ಕೂಟರ್ ತೆಗಿ."

ದಾರಿಯಲ್ಲಿ ಅವನು ಗಾಳಿಗೆ ಮುಖ ಕೊಟ್ಟು ಕೂಗಿದ. "ಆ ಸಂಪಾದಕಿ ಬೇಡ ಅಂದ್ರೆ ಏನ್ಮಾಡ್ತೀಯಾ?"

"ಏನ್ಮಾಡೋದು? ಹದಿಮೂರನೇ ಅಧ್ಯಾಯ ಸಿಕ್ತು ಅಂದ್ಕೊಳ್ತೀನಿ. ಮುಂದೆ ನೋಡ್ಕೊಂಡು ಓಡ್ಸೋ!"

ಕಿಟಕಿಯ ಗುಮಾಸ್ತ ಲಕೋಟೆಗೆ ಮುದ್ರೆ ಒತ್ತಿದಾಗ ಐದಕ್ಕೆ ಮೂರು ನಿಮಿಷವಿತ್ತು.