ವರ್ನಾಳ ಒಂದೇ ಅಚ್ಚು

"ಮೆತ್ತಗೆ ಕಣೇ ಗ್ವೆಂಡಾ. ನಿಮ್ಮಮ್ಮನ ಅಚ್ಚಿನ ಹಲಗೆ ಅದು, ಬಟ್ಟೆ ಒಗೆಯೋ ಕಲ್ಲಲ್ಲ," ಎಂದ ಪ್ರೆಸ್ಸಿನ ಮುದುಕ ನೋಯೆಲ್.

ಗ್ವೆಂಡಾ ಕಿವಿಗೊಡಲಿಲ್ಲ. ಜಾಲರಿ ಬಟ್ಟೆಯನ್ನು ಮುದ್ದೆಮಾಡಿ ಹಲಗೆಗೆ ಬಳಿದ ಕಪ್ಪು ಮಸಿಯಲ್ಲಿ ಹೆಚ್ಚಾದದ್ದನ್ನು ಒರೆಸುತ್ತಲೇ ಇದ್ದಳು. ಬೀದಿಯಾಚೆಯ ಚರ್ಚಿನಲ್ಲಿ ಹನ್ನೊಂದಕ್ಕೆ ಅಮ್ಮನ ಶವಪೆಟ್ಟಿಗೆ ಮುಚ್ಚುತ್ತಾರೆ. ಅಷ್ಟರೊಳಗೆ ಅಮ್ಮನ ಹೆಸರಿರುವ ಒಂದು ಅಚ್ಚು ಅದರೊಳಗೆ ಹೋಗಬೇಕು. ಒಂದೇ ಒಂದು.

ಹೋಬಾರ್ಟಿನ ಈ ಅಚ್ಚುಮನೆಯಲ್ಲಿ ಅಮ್ಮ ವರ್ನಾ ಮೂವತ್ತೊಂದು ವರ್ಷ ಮಸಿ ಒರೆಸಿದವಳು. ಅವಳು ಒತ್ತಿಕೊಡುತ್ತಿದ್ದ ಕಲಾವಿದ ಆಸ್ಕರ್ ಪೆಲ್ಲಮ್‌ನ ಚಿತ್ರಗಳಲ್ಲಿ ಮನುಷ್ಯರಿಲ್ಲ, ಮರವಿಲ್ಲ. ಬರೀ ಕಪ್ಪು, ಬೂದು, ಒರಟು, ಆಳ. ಆ ಆಳ ನೋಡಲು ಸಿಡ್ನಿಯಿಂದ ಜನ ಬರುತ್ತಿದ್ದರು. ಎಲ್ಲಿ ಮಸಿ ಉಳಿಸಬೇಕು, ಎಲ್ಲಿ ತೆಗೆಯಬೇಕು ಎಂಬುದು ಗೊತ್ತಿದ್ದದ್ದು ವರ್ನಾಳ ಕೈಗೆ. ಕೆಳಗೆ ಪೆನ್ಸಿಲಿನಲ್ಲಿ ಬೀಳುತ್ತಿದ್ದದ್ದು ಅವನ ಹೆಸರು.

* * *

"ಇದನ್ನ ಯಾವಾಗ ಒತ್ತೋದಮ್ಮ?" ಎಂದು ಗ್ವೆಂಡಾ ಕೇಳುತ್ತಿದ್ದಳು.

ಊಟದ ಬಿಡುವಿನಲ್ಲಿ ವರ್ನಾ ರಟ್ಟಿನ ಮೇಲೆ ಅಂಟು ಬಳಿದು, ಮರಳು ಉದುರಿಸಿ, ಹರಕು ಬಟ್ಟೆ ಮೆತ್ತಿ ತನ್ನದೇ ಹಲಗೆ ಕಟ್ಟುತ್ತಿದ್ದಳು. ಎಂಟು ವರ್ಷದಿಂದ.

"ರಟ್ಟಿದು ಕಣೇ. ಒಂದ್ಸಲ ಪ್ರೆಸ್ಸಿನಡಿ ಹೋದ್ರೆ ಅಪ್ಪಚ್ಚಿ. ಎರಡನೇದು ಬರಲ್ಲ."

"ಆ ಒಂದಾದ್ರೂ ಒತ್ತು."

"ಆಸ್ಕರ್‌ದು ನಲವತ್ತು ಹಾಳೆ ಬಾಕಿ ಇದೆ. ಅದು ಮುಗೀಲಿ."

ಅದು ಮುಗಿಯಲಿಲ್ಲ. ಒಂದು ಮುಗಿದರೆ ಇನ್ನೊಂದು ಬರುತ್ತಿತ್ತು. ಮೊನ್ನೆ ಮುಗಿದದ್ದು ವರ್ನಾ.

* * *

ನೋಯೆಲ್ ಚಕ್ರ ತಿರುಗಿಸಿದ. ಗ್ವೆಂಡಾ ಅಚ್ಚಿಗೆಂದು ನೆನೆಸಿದ್ದ ಒದ್ದೆ ಹಾಳೆಯ ಎರಡು ಮೂಲೆಗಳನ್ನು ಕಾಗದದ ಚೂರುಗಳಲ್ಲಿ ಹಿಡಿದು ಎತ್ತಿದಳು.

ಕಪ್ಪಿನ ಹಿಂದೆ ಇನ್ನೊಂದು ಕಪ್ಪು, ಅದರ ಹಿಂದೆ ತುಸುವೇ ಬೂದು, ಕೈ ಹಾಕಿದರೆ ಮೊಣಕೈವರೆಗೆ ಇಳಿದೀತು ಎಂಬಂತೆ.

"ಅಯ್ಯೋ ಮುದುಕೀ," ನೋಯೆಲ್ ಟೋಪಿ ತೆಗೆದ. "ಇದನ್ನ ಬಚ್ಚಿಟ್ಕೊಂಡು ನಮಗೆ ಬರೀ ಬೈಗುಳ ಕೊಟ್ಯಲ್ಲೇ!"

ಕೆಳಗೆ ಹಲಗೆ ಸಪಾಟಾಗಿ, ಮರಳು ಪುಡಿಯಾಗಿ ಬಿದ್ದಿತ್ತು.

"ಅವಳ ಹೆಸರು ಬರಿ, ನಾನು ಹೋಗಿ ಪೆಟ್ಟಿಗೆ ಮುಚ್ಚೋರನ್ನ ತಡೀತೀನಿ," ಎಂದು ನೋಯೆಲ್ ಓಡಿದ.

ಮಸಿಗೈಯಲ್ಲಿ ಹಾಳೆ ಮುಟ್ಟಿದರೆ ಅಮ್ಮ ಎದ್ದು ಬಂದು ಬಾರಿಸುತ್ತಾಳೆ. ಗ್ವೆಂಡಾ ಹಾಳೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪೆನ್ಸಿಲ್ ಇಟ್ಟು, ಹಿಂದಿನ ಕೋಣೆಗೆ ಕೈ ತೊಳೆಯಲು ಹೋದಳು.

ಬಂದಾಗ ಮೇಜಿನ ಮುಂದೆ ಕರೀ ಕೋಟಿನ ಆಸ್ಕರ್ ನಿಂತಿದ್ದ. ಅತ್ತು ಅತ್ತು ಕಣ್ಣು ಊದಿತ್ತು. ಕೈಯಲ್ಲಿ ಪೆನ್ಸಿಲ್. ಅಚ್ಚಿನ ಕೆಳಗೆ ಅವನ ಹೆಸರು ಬಿದ್ದಾಗಿತ್ತು.

"ಎಂಥಾ ಆಳ, ಗ್ವೆಂಡಾ! ಇದನ್ನ ನಾನು ಮಾಡಿದ್ದು ಯಾವಾಗ? ನೆನಪೇ ಆಗ್ತಿಲ್ಲ."

"ಅದು ಅಮ್ಮಂದು."

"ಅವಳೇ ಒತ್ತಿದ್ದು ಅಂತ ಗೊತ್ತಮ್ಮ..."

"ಒತ್ತಿದ್ದು ನಾನು. ಮಾಡಿದ್ದು ಅವಳು."

ಆಸ್ಕರ್ ಪೆನ್ಸಿಲ್ ಕೆಳಗಿಟ್ಟ. "ಹಾಳೆ ಇತ್ತು, ಪಕ್ಕದಲ್ಲಿ ಪೆನ್ಸಿಲ್ ಇತ್ತು. ಅವಳು ದಿನಾ ಹಾಗೇ ಇಡ್ತಿದ್ಲಲ್ಲ..."

"ಗ್ವೆಂಡಾ, ಬೇಗ ಬಾರೇ! ಮುಚ್ತಾ ಇದಾರೆ!" ಹೊರಗಿನಿಂದ ನೋಯೆಲ್ ಕೂಗಿದ.

ಗ್ವೆಂಡಾ ರಬ್ಬರು ತೆಗೆದುಕೊಂಡು ಆ ಹೆಸರನ್ನು ಉಜ್ಜಿದಳು. ಸೀಸದ ಬಣ್ಣ ಹೋಯಿತು. ಒದ್ದೆ ಹಾಳೆಯ ಮೈಯೂ ಸುರುಳಿ ಸುರುಳಿಯಾಗಿ ಎದ್ದು ಬಂತು. ಕಿಟಕಿಯ ಓರೆ ಬಿಸಿಲಿಗೆ, ಅಂಚಿನ ಬಿಳುಪಿನಲ್ಲಿ ಆಸ್ಕರ್ ಪೆಲ್ಲಮ್ ಎಂಬ ಹೆಸರು ಅಕ್ಷರ ಅಕ್ಷರವೂ ಒಳಕ್ಕೆ ಇಳಿದು, ನೆರಳು ತುಂಬಿಕೊಂಡು ನಿಂತಿತ್ತು.